ಟೈಲರ್ ಮಾವನ ಪುಕ್ಕಟೆ ವೈದ್ಯ

ಬೀದಿಯವರೆಲ್ಲ ಮಾವ ಎಂದು ಕರೆಯುವ ಟೈಲರಿಗೆ ಹೊಲಿಗೆಗಿಂತ ವೈದ್ಯದ ಮೇಲೆ ಒಂದು ಕೈ ಹೆಚ್ಚು ಪ್ರೀತಿ. ಟೇಪು ಹಿಡಿದು ಗಿರಾಕಿಯ ತೋಳೆತ್ತಿಸಿದಾಗ ಎಲ್ಲಾದರೂ ಕೆಂಪು ಗುಳ್ಳೆ ಕಂಡಿತೋ, ಅಳತೆ ಅಲ್ಲಿಗೇ ನಿಂತಿತು. "ಸುಡುಸುಡು ನೀರು ಹಾಕ್ಕೊಳ್ಳಿ, ಉಪ್ಪು ಹಾಕಿ ಉಜ್ಜಿ, ಮೇಲೆ ನಿಂಬೆಹಣ್ಣು ಹಿಂಡಿ. ಮೂರೇ ದಿನ, ತುರಿಕೆ ಹೇಳದೇ ಕೇಳದೇ ಓಡಿಹೋಗುತ್ತೆ" ಎನ್ನುವನು. ಗಿರಾಕಿ ಮತ್ತೆ ಆ ಮಾತೆತ್ತದಿದ್ದರೆ, ಮಾವನ ಲೆಕ್ಕದಲ್ಲಿ ವಾಸಿಯಾಯಿತೆಂದೇ ಅರ್ಥ.

ಹೀಗಿರುವಾಗ ಕಾರ್ಖಾನೆಯೊಂದರ ಕಾವಲುಗಾರರಿಗೆ ನಲವತ್ತು ಉಣ್ಣೆ ಕೋಟು ಹೊಲಿಯುವ ಕೆಲಸ ಬಂತು. ವಾರವಿಡೀ ಒರಟು ಬಟ್ಟೆಯನ್ನು ಬರಿಯ ತೋಳ ಮೇಲೆ ಹರವಿಕೊಂಡು ಕತ್ತರಿಸಿದ. ಎಂಟನೆಯ ದಿನ ಮೊಣಕೈಯಿಂದ ಮಣಿಕಟ್ಟಿನವರೆಗೆ ತುರಿಕೆ ಹತ್ತಿಕೊಂಡಿತು. ಮಾವ ಹೆದರಲಿಲ್ಲ, ವೈದ್ಯರು ಮನೆಯಲ್ಲೇ ಇದ್ದರಲ್ಲ! ಬಚ್ಚಲಿಗೆ ಹೋಗಿ ತನ್ನ ಔಷಧವನ್ನು ಮೊದಲ ಸಲ ತಾನೇ ಹಚ್ಚಿಕೊಂಡ. ಅವನು ಕಿರುಚಿದ್ದಕ್ಕೆ ಪಕ್ಕದ ಮನೆಯವರು ಕಿಟಕಿ ತೆರೆದರು.

"ಏನಾಯ್ತ್ರೀ?" ಹೆಂಡತಿ ಬಾಗಿಲು ತಟ್ಟಿದಳು.

"ಏನಿಲ್ಲ ಕಣೆ, ಔಷಧಿ ಹಿಡೀತಾ ಇದೆ."

ಮೂರು ದಿನ ಹಿಡಿಯಿತು. ತೋಳು ಕೆಂಡವಾಯಿತು, ಕೆರೆದುಕೊಳ್ಳುವುದೇ ಕಸುಬಾಯಿತು. ಹೆಂಡತಿ ಆಸ್ಪತ್ರೆಯ ಮಾತೆತ್ತಿದರೆ, "ಊರಿಗೆಲ್ಲ ಔಷಧಿ ಹೇಳೋನು ನಾನು, ಯಾವ ಮುಖ ಇಟ್ಕೊಂಡು ಹೋಗ್ಲಿ?" ಎಂದ. ಕೊನೆಗೆ ತುಂಬುತೋಳಿನ ಅಂಗಿ ತೊಟ್ಟು, ಬೇಕೆಂದೇ ಎರಡು ಬೀದಿ ಬಳಸಿಕೊಂಡು ಆಸ್ಪತ್ರೆಗೆ ಹೋದ.

ಅಲ್ಲಿ ಸಾಲಿನಲ್ಲಿ ಕುಳಿತವರನ್ನು ನೋಡಿ ಅಂಗಿಯ ತೋಳನ್ನು ಇನ್ನಷ್ಟು ಕೆಳಗೆಳೆದುಕೊಂಡ. ಅಂಚೆಯವನು, ಹಾಲಿನಂಗಡಿಯಾಕೆ, ಡ್ರಾಯಿಂಗ್ ಮೇಷ್ಟ್ರು. ಮೂವರೂ ಅವನ ಗಿರಾಕಿಗಳೇ, ಮೂವರೂ ಕೆರೆದುಕೊಳ್ಳುತ್ತಿದ್ದರು.

"ಮಾವ, ನೀವೂ ನಿಮ್ಮ ಔಷಧೀನೇ ಹಚ್ಕೊಂಡ್ರಾ?" ಎಂದಳು ಹಾಲಿನಂಗಡಿಯಾಕೆ, ಬಹಳ ಮರ್ಯಾದೆಯಿಂದ.

ಒಳಗೆ ನರ್ಸಮ್ಮ ತೋಳು ನೋಡಿದ ಕೂಡಲೇ, "ಉಪ್ಪು, ನಿಂಬೆಹಣ್ಣು ತಾನೇ? ಈ ವಾರ ನೀವು ಆರನೆಯವರು. ಯಾರ್ರೀ ಆ ಮಹಾನುಭಾವ?" ಎಂದಳು.

ಮಾವ ಗೋಡೆ ನೋಡಿದ. "ಯಾರೋ... ಬೀದೀಲಿ ಹೇಳ್ತಾರೆ. ನಾನು ಉಣ್ಣೆ ಕೋಟು ಹೊಲೀತಾ ಇದ್ದೆ, ಅಷ್ಟೇ."

"ಬಿಸಿನೀರು, ಉಪ್ಪು, ನಿಂಬೆಹಣ್ಣು ಎಲ್ಲಾ ಬಿಟ್ಬಿಡಿ. ತಣ್ಣೀರಲ್ಲಿ ಅದ್ದಿದ ಮೆತ್ತನೆ ಬಟ್ಟೆ ಹತ್ತು ನಿಮಿಷ ಇಡಿ. ಉಜ್ಜದೆ ಒತ್ತಿ ಒರೆಸಿ, ವಾಸನೆ ಇಲ್ಲದ ಮುಲಾಮು ಹಚ್ಚಿ. ಉಗುರು ಕತ್ತರಿಸಿ. ಉಣ್ಣೆ ಮುಟ್ಟೋವಾಗ ತೋಳಿಗೆ ಹತ್ತಿಬಟ್ಟೆ ಇರಲಿ."

"ಇಷ್ಟೇನಾ?" ಉರಿಯದ ಔಷಧದ ಮೇಲೆ ಅವನಿಗೆ ನಂಬಿಕೆ ಬರಲಿಲ್ಲ. ಹೆಂಡತಿಯೇ ಮುಂದೆ ನಿಂತು ಮಾಡಿಸಿದಳು. ವಾರದಲ್ಲಿ ತೋಳು ತಣ್ಣಗಾಯಿತು.

ಆಮೇಲೆ ಮಾವ ನಲವತ್ತು ಕೋಟುಗಳಿಗೂ ಮೆತ್ತನೆಯ ಹತ್ತಿಬಟ್ಟೆಯ ಒಳಪದರ ಹೊಲಿದ. ಕಾರ್ಖಾನೆಯ ಮ್ಯಾನೇಜರು ಕೋಟಿನ ತೋಳು ಮಗುಚಿ ನೋಡಿ, "ಇದನ್ನ ನಾವು ಹೇಳಿರಲಿಲ್ವಲ್ಲ?" ಎಂದರು.

"ಹೊಸ ಫ್ಯಾಷನ್ನು ಸಾರ್," ಎಂದ ಮಾವ, ಎದೆ ಉಬ್ಬಿಸಿ.