ಹದಿನಾಲ್ಕನೇ ಕಾಲಂ: ಸುಮ್ಮನಿವೆಯೇ?

ಆ ಫಾರಂನ ಹದಿನಾಲ್ಕನೇ ಕಾಲಂ ಅನ್ನು ಕನ್ನಡಕ್ಕೆ ತಂದವನು ನಾನೇ. ಈ ವಿಷಯದಲ್ಲಿ ಮಾತ್ರ ನನ್ನ ನೆನಪನ್ನು ನಂಬುತ್ತೇನೆ. ಏಕೆಂದರೆ ಇದರಲ್ಲಿ ತಪ್ಪು ನನ್ನದು. ನನ್ನ ಸುಳ್ಳು ನೆನಪುಗಳು ಸಾಮಾನ್ಯವಾಗಿ ನನ್ನ ಪರವಾಗಿರುತ್ತವೆ.

ಪ್ರಾಣಿ ವಿಜ್ಞಾನದಲ್ಲಿ ಎರಡು ಪದವಿ ಪಡೆದು, ಮೂರನೆಯದಕ್ಕೆ ಆರಂಭಿಸಿದ ಪ್ರಬಂಧವನ್ನು ಅರ್ಧಕ್ಕೆ ಬಿಟ್ಟು, ಯಾವ ಕೆಲಸದಲ್ಲೂ ಎರಡು ವರ್ಷ ನಿಲ್ಲದೆ ಓಡಾಡುತ್ತಿದ್ದ ಕಾಲ ಅದು. ಗಲ್ಫ್ ದೇಶಗಳಿಗೆ ಹಡಗಿನಲ್ಲಿ ಹೋಗುವ ಜೀವಂತ ಕುರಿಗಳು ಕೊಟ್ಟಿಗೆಯಿಂದ ಬಂದರಿನವರೆಗೆ ಕ್ಷೇಮವಾಗಿ ತಲುಪುತ್ತವೆಯೇ ಎಂದು ಪರೀಕ್ಷಿಸುವ ಒಂದು ಸಂಸ್ಥೆಗೆ ಸೇರಿದೆ. ಕೆಲಸ ಸರಳ. ಲಾರಿಯಲ್ಲಿ ಡ್ರೈವರ್ ಪಕ್ಕ ಕೂತು ಹೋಗಬೇಕು, ದಾರಿಯಲ್ಲಿ ಕುರಿಗಳನ್ನು ನೋಡಬೇಕು, ಫಾರಂ ತುಂಬಬೇಕು. ಅಂಕ ಸಾಕಷ್ಟು ಬಂದರೆ ಆ ಲಾರಿಗೆ ಪಾಸು. ಫಾರಂ ಇಂಗ್ಲಿಷಿನಲ್ಲಿತ್ತು. ನಾನು ಕೆ.ಆರ್.ಪೇಟೆ ಕಡೆಯವನು ಎಂಬ ಒಂದೇ ಅರ್ಹತೆಯ ಮೇಲೆ ಅನುವಾದ ನನ್ನ ಪಾಲಿಗೆ ಬಂತು.

ಹದಿನಾಲ್ಕನೇ ಕಾಲಂನಲ್ಲಿ ಪ್ರಾಣಿಗಳು 'ಕಾಮ್' (calm) ಆಗಿವೆಯೇ ಎಂದು ಕೇಳಿತ್ತು. 'ಪ್ರಶಾಂತ' ಎಂದು ಬರೆದರೆ ಯಾರದೋ ಮಗನ ಹೆಸರಿನಂತೆ ಕಾಣುತ್ತಿತ್ತು. 'ಶಾಂತ' ಎಂದರೆ ತೀರಿಕೊಂಡವರ ವಿಷಯದಂತೆ ಕೇಳುತ್ತಿತ್ತು. ಕೊನೆಗೆ 'ಕುರಿಗಳು ಸುಮ್ಮನಿವೆಯೇ?' ಎಂದು ಬರೆದೆ. ಆಫೀಸಿನವರು ಮೆಚ್ಚಿದರು. ಜನರ ಭಾಷೆ ಎಂದರು. ನಾನೂ ಹಾಗೇ ಅಂದುಕೊಂಡು ಒಂದು ವಾರ ಬೀಗಿದೆ.

ನನಗೆ ಕೊಟ್ಟ ಲಾರಿ ಶ್ರೀರಂಗಪಟ್ಟಣದವರೊಬ್ಬರದು. ಸ್ವಂತ ಲಾರಿ, ಅವರೇ ಡ್ರೈವರ್. ನನಗಿಂತ ಐದಾರು ವರ್ಷ ದೊಡ್ಡವರು. ಅವರ ತಂದೆಯೂ ಕುರಿ ಸಾಗಿಸಿದವರೇ. ಎಲ್ಲರೂ ಅವರನ್ನು ಭಾಯ್ ಎಂದೇ ಕರೆಯುತ್ತಿದ್ದರು, ನಾನೂ ಕರೆದೆ. ಕುರಿ ಹೇರಿದ್ದು ಕಿರಂಗೂರಿನ ಒಬ್ಬ ಗೌಡರ ಕೊಟ್ಟಿಗೆಯಿಂದ. ಸಂತೆಬಾಚಹಳ್ಳಿಯ ಸಂತೆಯಲ್ಲಿ ಕೊಂಡ ಟಗರುಗಳನ್ನು ಅಲ್ಲಿ ಕೂಡಿಹಾಕಿ ಮೇಯಿಸಿದ್ದರು. ಗೌಡರೂ ಭಾಯಿಯೂ ಶಾಲೆಯಲ್ಲಿ ಒಂದೇ ಬೆಂಚಿನವರಂತೆ.

ಭಾಯಿಗೆ ಆ ದಿನ ಏನು ಬೇಕಿತ್ತು ಎಂಬುದನ್ನು ಅವರು ಮುಚ್ಚಿಡಲಿಲ್ಲ. "ಪಾಸಾಗ್ಬುಟ್ರೆ ವರ್ಷಾನುಗಟ್ಲೆ ಈ ಲೈನು ನಂದೇ ಸಾರ್. ಆಗ್ಲಿಲ್ಲ ಅಂದ್ರೆ ಹೊರಗಿನ್ ದೊಡ್ ಲಾರಿಯೋರು ಬತ್ತಾರೆ. ನಮ್ಮಪ್ಪನ್ ಕಾಲ್ದಿಂದ ಕುರಿ ಹೊತ್ತವ್ರು ನಾವು, ನಂಗೆ ಬ್ಯಾರೆ ಲೋಡು ಒಗ್ಗಲ್ಲ."

"ಹಾಗಾದರೆ ಬೇಗ ಹೊರಡೋಣ," ಎಂದೆ. ಬೆಳಿಗ್ಗೆ ಒಂಬತ್ತಾಗಿತ್ತು.

"ಈಗ್ಲಾ? ಕುರಿ ಯಾವಾಗ್ಲೂ ಸಂಜೆ ಮೇಲೆ ಸಾರ್, ತಂಪಲ್ಲಿ. ಬಿಸ್ಲಲ್ಲಿ ಯಾಕೆ?"

"ಫಾರಂನಲ್ಲಿ ಹಗಲು ಬೆಳಕಲ್ಲಿ ನೋಡಬೇಕು ಅಂತಿದೆ ಭಾಯ್. ಕತ್ತಲಲ್ಲಿ ಅವು ಸುಖವಾಗಿವೆಯಾ ಇಲ್ಲವಾ ಅಂತ ಹೇಗೆ ಗೊತ್ತಾಗತ್ತೆ?"

ಗೌಡರು ಬೀಡಿ ಕೆಳಗೆ ಹಾಕಿ ಕಾಲಲ್ಲಿ ಹೊಸಕಿದರು. "ಸುಖ್ವಾಗವಾ ಅಂತ ನೋಡಾಕೆ ಬಿಸ್ಲಲ್ಲಿ ಬೇಯ್ಸಿ ನೋಡದಾ? ಓದ್ದೋರು ಕಣ್ಲಾ ಭಾಯ್, ಸುಮ್ಕಿರು."

ನಾನು ಟೇಪು ಹಿಡಿದು ಲಾರಿಯ ಹಿಂಭಾಗ ಅಳೆದೆ. ಒಂದೊಂದು ಕುರಿಗೆ ಎಷ್ಟು ಜಾಗ ಎಂದು ಲೆಕ್ಕ ಹಾಕುತ್ತಿದ್ದಾಗ ಗೌಡರು ಮತ್ತೆ ಬಂದರು.

"ಸಾರ್, ಕ್ಯಾರ್‌ಪೇಟೆ ಬಸ್ಸಲ್ಲಿ ನಂಗೂ ಒಸಿ ಜಾಗ ಅಳ್ದು ಕೊಡಿ. ದಿನಾ ಒಂಟಿಕಾಲಲ್ಲಿ ನಿಂತ್ಕೊಂಡ್ ಬತ್ತೀನಿ."

"ನಿಂಗ್ ಜಾಗ ಕೊಟ್ರೂ ಅರಚ್ತೀಯ ಕಣ್ಲಾ," ಎಂದರು ಭಾಯ್. "ನೀನ್ ಪಾಸಾಗಾಕಿಲ್ಲ."

ಲಾರಿಯ ನೆಲಕ್ಕೆ ಭಾಯ್ ಮರಳು ಹಾಸಿ, ಅದರ ಮೇಲೆ ರಾಗಿ ಹುಲ್ಲು ಹರಡಿದ್ದರು. ಕಾಲು ಜಾರುವುದಿಲ್ಲ, ಉಚ್ಚೆ ಇಂಗುತ್ತದೆ. ಫಾರಂ ಕೇಳಿದ್ದು ರಬ್ಬರ್ ಹಾಸು. ಅದಕ್ಕೆ ಅಂಕ ಕಳೆದೆ. ಪಕ್ಕದ ಸರಳುಗಳಿಗೆ ನೆನೆಸಿದ ಗೋಣಿಚೀಲ ಕಟ್ಟಿದ್ದರು. ಅದಕ್ಕೆ ಕಾಲಂ ಇರಲಿಲ್ಲ. ಉಷ್ಣಮಾಪಕವನ್ನು ಕುರಿಗಳ ನಡುವೆ ತೂಗುಹಾಕಬೇಕಿತ್ತು. ಒಂದು ಟಗರು ಅದನ್ನು ಅಗಿಯಲು ನೋಡಿದ್ದರಿಂದ ಕ್ಯಾಬಿನ್ನಿನಲ್ಲಿ, ನನ್ನ ಕಿಟಕಿಯ ಪಕ್ಕ ತೂಗುಹಾಕಿದೆ. ಅಂದು ಇಡೀ ದಿನ ಕುರಿಗಳ ಉಷ್ಣಾಂಶ ತೃಪ್ತಿಕರವಾಗಿತ್ತು.

ಪಾಂಡವಪುರದಲ್ಲಿ ಕಬ್ಬಿನ ಟ್ರಾಕ್ಟರುಗಳ ಹಿಂದೆ ಸಿಕ್ಕಿಕೊಂಡೆವು. ಲಾರಿ ನಿಂತಾಗಲೆಲ್ಲ ಹಿಂದಿನಿಂದ ಒಂದೇ ಗದ್ದಲ. ಕಬ್ಬಿನ ವಾಸನೆ ಅವಕ್ಕೂ ಬಡಿದಿರಬೇಕು. ನಾಗಮಂಗಲ ಮುಟ್ಟಿದಾಗ ಮೊದಲ ತಪಾಸಣೆ. ಬಸ್ ಸ್ಟ್ಯಾಂಡಿನ ಆಚೆ ಲಾರಿ ನಿಲ್ಲಿಸಿ ಹತ್ತಿ ನೋಡಿದೆ. ಎಲ್ಲವೂ ಕತ್ತು ಮೇಲೆತ್ತಿ, ಬಾಯಿ ತೆರೆದು ಅರಚುತ್ತಿದ್ದವು. ಹದಿನಾಲ್ಕನೇ ಕಾಲಂ: ಇಲ್ಲ.

"ಏನ್ ಬರ್ಕಂಡ್ರಿ?"

"ಸುಮ್ಮನಿಲ್ಲ ಅಂತ ಭಾಯ್. ಒತ್ತಡ ಇದೆ ಅಂತ ಅರ್ಥ."

"ಒತ್ತಡ ಅಲ್ಲ ಸಾರ್, ಅಸಿವು. ಬಾಯಿ ಐತೆ, ಕೇಳ್ತವೆ." ಅವರು ಫಾರಂನೊಳಗೆ ಇಣುಕಿದರು. "ಎಷ್ಟಾಯ್ತು ಈಗ?"

ಕೂಡಿ ನೋಡಿದೆ. ಮುಂದಿನ ತಪಾಸಣೆಯಲ್ಲಿ ಅವು ಸುಮ್ಮನಿದ್ದರೆ ಪಾಸು. ಇಲ್ಲದಿದ್ದರೆ ಇಲ್ಲ. ಹಾಗೆಂದೇ ಹೇಳಿದೆ.

ನಾಗಮಂಗಲ ದಾಟಿದ ಮೇಲೆ ಒಂದು ಕೆರೆ ಏರಿ ಬರುತ್ತದೆ. ಏರಿಯ ಕೆಳಗೆ ಹೊಂಗೆ ಮರಗಳ ನೆರಳು. ಭಾಯ್ ಪ್ರತಿ ಸಲ ಅಲ್ಲಿ ನಿಲ್ಲಿಸಿ ಕುರಿಗಳಿಗೆ ನೀರು ತೋರಿಸುತ್ತಿದ್ದರಂತೆ. ಫಾರಂ ಪ್ರಕಾರ ನಿಲ್ಲಿಸಬಹುದಾದ ಜಾಗ ಅದಲ್ಲ. ನಮ್ಮ ಸಂಸ್ಥೆ ಒಪ್ಪಿದ್ದು ಹೆದ್ದಾರಿಯ ಮೇಲೆ ಇನ್ನೂ ಬಹಳ ಮುಂದಿರುವ ಒಂದು ಪೆಟ್ರೋಲ್ ಬಂಕನ್ನು. ಅಲ್ಲಿ ಶೌಚಾಲಯವಿದೆ, ನೆರಳಿಲ್ಲ.

"ಇಲ್ಲಿ ನಿಲ್ಸಿದ್ರೆ?"

"ಅಂಕ ಹೋಗತ್ತೆ ಭಾಯ್."

ಅವರು ಆ ಮರಗಳನ್ನು ಕನ್ನಡಿಯಲ್ಲಿ ಮರೆಯಾಗುವವರೆಗೂ ನೋಡಿ, ಗೇರು ಬದಲಿಸಿದರು.

ಬೆಳ್ಳೂರು ಕ್ರಾಸ್ ದಾಟಿ ಹೆದ್ದಾರಿ ಸೇರಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಗೋಣಿಚೀಲಗಳು ಒಣಗಿ ಪಟಪಟ ಬಡಿಯುತ್ತಿದ್ದವು. ಎರಡನೇ ತಪಾಸಣೆಯ ಹೊತ್ತು. ಸೀಟಿನ ಹಿಂದಿನ ಸಣ್ಣ ಕಿಟಕಿಯಿಂದ ನೋಡಿದೆ. ಎಂಥ ಶಾಂತಿ! ಒಂದೂ ಅರಚುತ್ತಿರಲಿಲ್ಲ. ತಲೆ ತಗ್ಗಿಸಿ, ಒಂದರ ಮೈಗೆ ಒಂದು ಒರಗಿಕೊಂಡು ನಿಂತಿದ್ದವು. ಕೆಲವು ಕೂತಿದ್ದವು. ಸಂತೋಷದಿಂದ 'ಹೌದು' ಎಂದು ಗುರುತು ಹಾಕಿದೆ.

"ಭಾಯ್, ಪಾಸಾದಿರಿ. ಸುಮ್ಮನಾಗಿವೆ."

ಲಾರಿ ಪಕ್ಕಕ್ಕೆ ಎಳೆದು ನಿಂತ ರಭಸಕ್ಕೆ ನನ್ನ ಹಣೆ ಗಾಜಿಗೆ ಬಡಿಯಿತು.

"ಯಾವಾಗಿಂದ?"

"ಏನು ಯಾವಾಗಿಂದ?"

"ಸುಮ್ಕಾಗಿ ಎಷ್ಟೊತ್ತಾಯ್ತು ಸಾರ್? ನೀವು ತಾನೆ ನೋಡ್ತಾ ಕುಂತಿರೋದು!"

ಎಷ್ಟು ಹೊತ್ತು ಎಂದು ಫಾರಂ ಕೇಳಿರಲಿಲ್ಲ. ಅವರು ಆಗಲೇ ಇಳಿದು, ಲಾರಿಯ ಪಕ್ಕಕ್ಕೆ ಕಟ್ಟಿದ್ದ ನೀರಿನ ಡ್ರಮ್ಮು ಬಿಚ್ಚಿ, ಹಿಂದೆ ಹತ್ತಿದ್ದರು. ಕೂತವನ್ನು ತೊಡೆಸಂದಿಗೆ ಕೈಹಾಕಿ ಎಬ್ಬಿಸಿದರು. ತಲೆಯ ಮೇಲೆ, ಕಿವಿಯ ಹಿಂದೆ ನೀರು ಹೊಯ್ದರು. ಬಾಯಿಗೆ ಒದ್ದೆ ಕೈ ಒರೆಸಿದರು. "ಉಠ್ ಬೇಟಾ, ಉಠ್. ಏಳ್ಲಾ ಮಗ್ನೆ, ಅರಚ್ಲಾ!"

"ಭಾಯ್, ಇಲ್ಲಿ ನಿಲ್ಲಿಸೋ ಹಾಗಿಲ್ಲ..." ಎಂದು ನಾನು ಕೆಳಗಿನಿಂದ ಹೇಳಿದ್ದು ನೆನಪಿದೆ. ಅದನ್ನು ಮರೆಯಲು ಸಾಕಷ್ಟು ಪ್ರಯತ್ನಿಸಿದ್ದೇನೆ.

"ಕುರಿ ಸುಮ್ಕಾದ್ರೆ ಮಂಕಾಯ್ತು ಅಂತ ಸಾರ್. ಮಂಕಾದ್ಮೇಲೆ ಮಲಗ್ತದೆ, ಮಲಗಿದ್ರೆ ಮಿಕ್ಕವು ತುಳೀತವೆ. ಇಷ್ಟೆಲ್ಲ ಓದಿದ್ದೀರ, ಅಷ್ಟ್ ಗೊತ್ತಿಲ್ವಾ?"

ಗೊತ್ತಿತ್ತು. ಅದೇ ಬೇಸರ. ಬಿಸಿಲಿಗೆ ಸಿಕ್ಕ ಪ್ರಾಣಿ ದನಿ ಕಳೆದುಕೊಳ್ಳುವುದೇ ಕೆಟ್ಟ ಲಕ್ಷಣ ಎಂದು ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಕಿರಿಯರಿಗೆ ಪಾಠವನ್ನೂ ಮಾಡಿದ್ದೆ. ಎಲ್ಲ ಇಂಗ್ಲಿಷಿನಲ್ಲಿ. ಕನ್ನಡಕ್ಕೆ ತರುವಾಗ ಅದು ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು.

ನಾನೂ ನೀರು ಹೊತ್ತೆ. ನನ್ನ ಊಟದ ಡಬ್ಬಿಯಲ್ಲಿ ಎಂದು ನೆನಪು. ಸುಮಾರು ಹೊತ್ತಾದ ಮೇಲೆ ಮೂಲೆಯ ಒಂದು ಕರಿಮೂತಿಯ ಟಗರು ಬ್ಯಾ ಎಂದಿತು. ಇನ್ನೊಂದು ಅದಕ್ಕೆ ಉತ್ತರ ಕೊಟ್ಟಿತು. ಆಮೇಲೆ ಎಲ್ಲವೂ. ಭಾಯ್ ಒದ್ದೆ ಅಂಗಿಯಲ್ಲಿ ಕೆಳಗಿಳಿದು ನಕ್ಕರು.

"ಈಗ ಬರ್ಕೊಳ್ಳಿ ಸಾರ್. ಸುಮ್ಕಿಲ್ಲ."

ಎಲ್ಲ ಕುರಿಗಳೂ ಬಂದರಿಗೆ ತಲುಪಿದವು.

ಇಲ್ಲಿಂದ ಮುಂದಿನದು ನಾನು ಬಹಳ ಜನರಿಗೆ ಹೇಳಿರುವ ಭಾಗ. ಆ ರಸ್ತೆ ಬದಿಯಲ್ಲೇ ನಾನು 'ಹೌದು' ಹೊಡೆದುಹಾಕಿ 'ಇಲ್ಲ' ಎಂದು ಬರೆದೆ. ಅಂಚಿನಲ್ಲಿ ನಾಲ್ಕು ಸಾಲು ಸೇರಿಸಿದೆ: ಈ ಪ್ರಶ್ನೆಯೇ ತಪ್ಪು, ಅನುವಾದ ತಪ್ಪು, ಈ ಮನುಷ್ಯನಿಗೆ ನಮಗಿಂತ ಹೆಚ್ಚು ತಿಳಿದಿದೆ. ಆಫೀಸಿನವರು ಅಂಚಿನ ಸಾಲುಗಳನ್ನು ಓದುವುದಿಲ್ಲವಾದ್ದರಿಂದ ಭಾಯಿಗೆ ಪಾಸು ತಪ್ಪಿತು. ನನ್ನ ಪ್ರಾಮಾಣಿಕತೆಯಿಂದ ಒಬ್ಬ ಒಳ್ಳೆಯವನ ಕಸುಬು ಹೋಯಿತು. ಕಾಫಿ ಕುಡಿಯುತ್ತ ಹೇಳಿದರೆ ಕೇಳಿದವರು ತಲೆದೂಗುತ್ತಿದ್ದರು. ಪಶ್ಚಾತ್ತಾಪ ಇಷ್ಟು ಚೆನ್ನಾಗಿ ಮೈಗೆ ಹೊಂದುತ್ತಿದ್ದಾಗಲೇ ನನಗೆ ಅನುಮಾನ ಬರಬೇಕಿತ್ತು. ಉಳಿದ ಎಲ್ಲದರ ಮೇಲೂ ಬರುತ್ತದೆ.

ಆ ಕೆಲಸ ಬಿಟ್ಟು ಎರಡು ವರ್ಷದ ಮೇಲೆ, ಈಚೆಗೆ, ಕ್ಷಮೆ ಕೇಳಿಬಿಡೋಣ ಎಂದು ಕಿರಂಗೂರಿಗೆ ಹೋದೆ. ಗೌಡರು ಗುರುತು ಹಿಡಿದರು.

"ಓಹೋ, ಟೇಪಿನೋರು! ಬಸ್ಸಲ್ಲಿ ನಂಗಿನ್ನೂ ಜಾಗ ಸಿಕ್ಕಿಲ್ಲ ಸಾರ್."

ಭಾಯಿಗೆ ಪಾಸು ತಪ್ಪಿದ್ದಕ್ಕೆ ನಾನೇ ಕಾರಣ ಎಂದು ಹೇಳಲು ಬಾಯಿ ತೆರೆದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ತಪ್ತು ಅಂದೋರ್ಯಾರು? ಪಾಸಾದ್ನಲ್ಲ! ನಾಗಮಂಗ್ಲದಾಗೆ ಲೋಡ್ ಮಾಡ್ತಾವ್ನೆ, ಓಗಿ ಕೇಳಿ."

ನಾಗಮಂಗಲದ ಹೊರಗೆ ಒಂದು ಮಂಡಿಯ ಮುಂದೆ ಅದೇ ಲಾರಿ ನಿಂತಿತ್ತು. ಮರಳಿಲ್ಲ, ರಾಗಿ ಹುಲ್ಲಿಲ್ಲ. ತೆಂಗಿನಕಾಯಿ ತುಂಬುತ್ತಿದ್ದರು. ಭಾಯ್ ನನ್ನನ್ನು ಕ್ಯಾಬಿನ್ನಿಗೆ ಹತ್ತಿಸಿ, ಚಹಾ ತರಿಸಿ, ಸನ್ ವೈಸರಿನ ಹಿಂದಿನಿಂದ ಪ್ಲಾಸ್ಟಿಕ್ ಹಾಕಿಸಿದ್ದ ಒಂದು ಹಾಳೆ ತೆಗೆದರು. ನನ್ನ ಫಾರಂ, ಪಾಸಿನ ಜೊತೆ ಕೊಟ್ಟ ನಕಲು. ನನ್ನ ಅಕ್ಷರ. ಹದಿನಾಲ್ಕನೇ ಕಾಲಂ, ಎರಡನೇ ತಪಾಸಣೆ: ಹೌದು. ಮೇಲೆ ಒಂದು ಗೀಟೂ ಇರಲಿಲ್ಲ. ಒಪ್ಪಿಗೆಯಿಲ್ಲದ ನಿಲುಗಡೆ: ಇಲ್ಲ. ಅಂಚಿನಲ್ಲಿ ನಾಲ್ಕು ಸಾಲಿಲ್ಲ. ಒಂದೇ ಪದ: ತೃಪ್ತಿಕರ.

"ನನ್ ಮ್ಯಾಲೆ ದಯ ತೋರ್ಸುದ್ರಿ ಅಂದ್ಕೊಂಡೆ ಸಾರ್," ಎಂದರು. "ನಿಲ್ಸಿದ್ದುನ್ನ ಬರೀನೇ ಇಲ್ಲ ನೀವು."

ದಯೆಯೋ, ಸೋಮಾರಿತನವೋ, ಹೊಡೆದುಹಾಕಿದರೆ ಆಫೀಸಿನಲ್ಲಿ ವಿವರಣೆ ಕೇಳುತ್ತಾರೆಂಬ ಭಯವೋ ನನಗೆ ಗೊತ್ತಿಲ್ಲ. ಎಷ್ಟು ಕೆದಕಿದರೂ ಆ ನಾಲ್ಕು ಸಾಲನ್ನು ಬರೆಯುತ್ತಿರುವ ನನ್ನ ಕೈ ಮಾತ್ರ ಕಾಣುತ್ತದೆ.

"ಮತ್ತೆ ಇದ್ಯಾಕೆ ಭಾಯ್, ಕಾಯಿ?"

ಅವರು ಬಸಿಯಲ್ಲಿ ಚಹಾ ಆರಿಸಿಕೊಂಡರು. "ನಿಮ್ ಫಾರಂನಾಗೆ ಎಂಗ್ ಬರ್ದೈತೋ ಅಂಗೇ ಓಡುಸ್ಬೇಕು ಅಂದ್ರು. ಹಗಲೊತ್ತೇ ಓಗ್ಬೇಕು. ಕೆರೆ ತಾವ ನಿಲ್ಸಂಗಿಲ್ಲ. ಅಂಗೆ ಪಾಸಾಗಿರದು, ಅಂಗೇ ಓಡ್ಸು ಅಂತ. ಲಾರಿಗೊಂದು ಮಿಶಿನ್ ಬ್ಯಾರೆ ಕೂರ್ಸುದ್ರು, ನಿಲ್ಸಿದ್ರೆ ಫೋನ್ ಬತ್ತದೆ." ಬಸಿ ಖಾಲಿ ಮಾಡಿ, "ಮೂರ್ ಟ್ರಿಪ್ ಓಡ್ಸ್‌ದೆ. ಬೆಳ್ಳೂರ್ ಕ್ರಾಸ್ ದಾಟ್ತಿದ್ದಂಗೆ ಸುಮ್ಕಾಗ್ಬುಡವು. ಆ ಸುಮ್ಕಿರದ್ನ ಕೇಳ್ಕೊಂಡು ಲಾರಿ ಓಡ್ಸಕ್ಕಾಗಲ್ಲ ಸಾರ್. ಪಾಸು ಮಡಿಕ್ಕೊಂಡೆ, ಲೈನು ಬುಟ್ಬುಟ್ಟೆ."

ತಂದ ಕ್ಷಮೆಯನ್ನು ಎಲ್ಲಿ ಇಡುವುದೋ ತಿಳಿಯಲಿಲ್ಲ. ಅದು ಬೇರೆ ತಪ್ಪಿಗೆ ಅಳೆದು ಹೊಲಿಸಿದ್ದು. ಹಾಗೂ ಹೀಗೂ ಏನೋ ಅಂದೆ. ಅವರು ಬೆನ್ನು ತಟ್ಟಿ, ಕೆಳಗಿಳಿದು, ಹಗ್ಗ ಬಿಗಿದು, ತುಂಬಿದ ಲಾರಿಯ ಪಕ್ಕಕ್ಕೆ ಅಂಗೈಯಲ್ಲಿ ಎರಡು ಏಟು ಹಾಕಿದರು.

"ನೋಡಿ ಸಾರ್, ಎಂಗವೆ! ಇಲ್ಲಿಂದ ಬೆಂಗ್ಳೂರ್ ಗಂಟ ಒಂದೂ ಕಮಕ್ ಕಿಮಕ್ ಅನ್ನಲ್ಲ. ಬರ್ಕೊಳ್ಳಿ, ಸುಮ್ಕವೆ."

ನನ್ನ ಕೈ ಜೇಬಿನ ಪೆನ್ನಿಗೆ ಹೋಯಿತು ಎಂದು ನೆನಪು. ಅವರು ಅದನ್ನು ನೋಡಿ ಜೋರಾಗಿ ನಕ್ಕರೆಂದೂ ನೆನಪು. ಖಚಿತಪಡಿಸಿಕೊಳ್ಳಲು ಅವರನ್ನೇ ಕೇಳಬೇಕು.