ಒಳಸುತ್ತಿನಲ್ಲಿ ಕೆಂಚಮ್ಮ

ವಿಜಯನಗರ ಬಡಾವಣೆಯ ಆ ಶಾಲಾ ಮೈದಾನದಲ್ಲಿ ಇನ್ನೂ ಬೆಳಕು ಪೂರ್ತಿ ಹರಿದಿಲ್ಲ. ಪಿ.ಟಿ. ಮೇಷ್ಟ್ರು ಪುಟ್ಟಸ್ವಾಮಿ ಸುಣ್ಣದ ಪುಡಿಯಲ್ಲಿ ಓಟದ ಗೆರೆ ಎಳೆಯುತ್ತಿದ್ದಾರೆ. ಗೆರೆಯ ಹಿಂದೆ ಹುಡುಗಿಯರು ಅಂಗೈ ಉಜ್ಜಿಕೊಳ್ಳುತ್ತ, ಕುಪ್ಪಳಿಸುತ್ತ ಚಳಿ ಬಿಡಿಸಿಕೊಳ್ಳುತ್ತಿದ್ದಾರೆ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ ಗೆರೆಯ ಈಚೆ ನಿಂತ ಹೆಂಗಸೊಬ್ಬರು ಮಾತ್ರ ಯಾರನ್ನೂ ನೋಡುತ್ತಿಲ್ಲ. ಅವರ ಕಣ್ಣೆಲ್ಲ ಅಂಗೈಯಲ್ಲಿರುವ ಫೋನಿನ ಮೇಲೆ. ಪರದೆಯಲ್ಲಿ 118 ಎಂಬ ಅಂಕಿ, ಪಕ್ಕದಲ್ಲಿ ಓರೆಯಾಗಿ ಕೆಳಮುಖ ಮಾಡಿದ ಒಂದು ಬಾಣ.

ಅವರು ಕೆಂಚಮ್ಮ, ಈ ಶಾಲೆಯ ಆಯಾ. ಆ ಅಂಕಿ ಆರನೇ ತರಗತಿಯ ಬಿಂದುಶ್ರೀಯ ಮೈಯಲ್ಲಿರುವ ಸಕ್ಕರೆಯ ಅಳತೆ. ಹುಡುಗಿಗೆ ಐದನೇ ವಯಸ್ಸಿನಿಂದ ಮಧುಮೇಹ. ಹೊತ್ತು ಹೊತ್ತಿಗೆ ಇನ್ಸುಲಿನ್ ಬೇಕು. ಎಡ ರಟ್ಟೆಗೆ ಅಂಟಿಸಿದ ನಾಣ್ಯದಗಲದ ಬಿಲ್ಲೆಯೊಂದು ಸಕ್ಕರೆಯನ್ನು ಅಳೆದು ಈ ಫೋನಿಗೆ ತಿಳಿಸುತ್ತಲೇ ಇರುತ್ತದೆ. ಸಕ್ಕರೆ ತೀರಾ ಇಳಿದರೆ ಫೋನು ಕೂಗಿಕೊಳ್ಳಬೇಕು.

“ಸಾರ್, ಹದಿನೈದು ನಿಮಿಷ ತಡೀರಿ. ಬಾಣ ಕೆಳಕ್ಕೆ ನೋಡ್ತಾ ಅದೆ” ಎನ್ನುತ್ತಾರೆ ಕೆಂಚಮ್ಮ.

“ಎಲ್ಲಾ ಮಕ್ಕಳೂ ರೆಡಿಯಾಗಿ ನಿಂತಿದಾರೆ ಕಣಮ್ಮ.”

“ನಿಂತಿರ್ಲಿ ಬುಡಿ ಸಾರ್. ಬಿದ್ದೋಗೋದಕ್ಕಿಂತ ನಿಂತಿರೋದು ವಾಸಿ.”

ಗೆರೆಯ ಹಿಂದಿನಿಂದ ಬಿಂದುಶ್ರೀ ಕೈ ಜೋಡಿಸುತ್ತಾಳೆ. “ಆಯಮ್ಮಾ, ಇವತ್ತೊಂದಿನ ಹಾಳು ಮಾಡ್ಬೇಡಿ. ಪ್ಲೀಸ್!”

ಇವತ್ತು ತಾಲ್ಲೂಕು ಕ್ರೀಡಾಕೂಟಕ್ಕೆ ಆರುನೂರು ಮೀಟರ್ ಓಟದ ಆಯ್ಕೆ. ಬಿಂದುಶ್ರೀಗೆ ಆಯ್ಕೆಗಿಂತ ದೊಡ್ಡದೊಂದು ಇದರಲ್ಲಿದೆ. ಈ ಓಟದಲ್ಲಿ ಆಕೆ ಇನ್ನೊಮ್ಮೆ ಕುಸಿದರೆ, ಅಥವಾ ನಡುವೆ ನಿಲ್ಲಿಸಿ ಕರೆತರಬೇಕಾಗಿ ಬಂದರೆ, ಈ ವರ್ಷವಿಡೀ ಮೈದಾನಕ್ಕೆ ಕಾಲಿಡುವಂತಿಲ್ಲ. ಮಕ್ಕಳು ‘ದೊಡ್ಡ ಮಿಸ್’ ಎಂದು ಕರೆಯುವ ಮುಖ್ಯಶಿಕ್ಷಕಿ ಹಾಕಿದ ಷರತ್ತು ಅದು. ಅವರೇ ಶಾಲು ಹೊದ್ದು ಜಗಲಿಯ ಮೇಲೆ ನಿಂತು ನೋಡುತ್ತಿದ್ದಾರೆ.

ಮೇಷ್ಟ್ರು ಜಗಲಿಯ ಕಡೆ ನೋಡಿ, ಗಡಿಯಾರ ನೋಡಿ, ಕೊನೆಗೆ ಹುಡುಗಿಯರನ್ನು ಎರಡು ತಂಡ ಮಾಡುತ್ತಾರೆ. ಬಿಂದುಶ್ರೀ ಎರಡನೆಯದರಲ್ಲಿ. ಡಾಕ್ಟರು ಹೇಳಿಕೊಟ್ಟ ಅಳತೆಯಲ್ಲಿ ಕೆಂಚಮ್ಮ ಗ್ಲೂಕೋಸ್ ಪುಡಿಯನ್ನು ನೀರಿಗೆ ಕದಡಿ ಕೊಡುತ್ತಾರೆ. ಹುಡುಗಿ ಮುಖ ಊದಿಸಿಕೊಂಡೇ ಕುಡಿಯುತ್ತಾಳೆ. ಇನ್ನು ಕಾಯಬೇಕು.

ಕೆಂಚಮ್ಮ ಇಲವಾಲದವರು, ಬೇಸಾಯದ ಮನೆಯ ಮಗಳು. ಓದಿದ್ದು ಏಳನೇ ತರಗತಿ. ಗಂಡ ಮಹದೇವು ಎಮ್ಮೆ ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾರೆ. ಕತ್ತಲಿರುವಾಗಲೇ ಎದ್ದು, ಮುದ್ದೆ ತೊಳಸಿಟ್ಟು, ಹುಣಸೂರು ರಸ್ತೆಯಲ್ಲಿ ಮೊದಲ ಬಸ್ಸು ಹಿಡಿದರೆ ಎಲ್ಲರಿಗಿಂತ ಮುಂಚೆ ಶಾಲೆಯಲ್ಲಿರುತ್ತಾರೆ. ಹನ್ನೊಂದು ಕೊಠಡಿ ಗುಡಿಸುವುದು, ಕುಡಿಯುವ ನೀರಿನ ಡ್ರಮ್ಮು ತೊಳೆದು ತುಂಬಿಸುವುದು, ಶೌಚಾಲಯಕ್ಕೆ ಫಿನಾಯಿಲ್ ಹಾಕುವುದು, ವಾಂತಿ ಮಾಡಿಕೊಂಡ ಪುಟಾಣಿಗಳ ಬಟ್ಟೆ ಬದಲಿಸುವುದು, ಎಲ್ಲವೂ ಅವರದೇ. ಇಪ್ಪತ್ತು ವರ್ಷದಿಂದ ಇದೇ ದಿನಚರಿ. ಎಡ ಮಂಡಿ ಆಗಾಗ ಹಿಡಿದುಕೊಳ್ಳುತ್ತದೆ. “ಕೂತ್ಕಂಡ್ರೆ ನೋಯ್ತದೆ, ಓಡಾಡ್ತಿದ್ರೆ ಮರ್ತೋಯ್ತದೆ” ಎಂದು ನಗುತ್ತಾರೆ.

ಫೋನು ಹೊರುವುದು ಅವರ ಕೆಲಸದ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಮಕ್ಕಳು ಶಾಲೆಗೆ ಫೋನು ತರುವಂತಿಲ್ಲ. ಗಂಟೆ ಬಾರಿಸಿದಂತೆ ಶಿಕ್ಷಕರು ಬದಲಾಗುತ್ತಾರೆ. ತಾಯಿ ವಾಣಿ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾರೆ. ಪಾಳಿ ಮುಗಿಯುವವರೆಗೆ ಅವರ ಸ್ವಂತ ಫೋನು ಅಲ್ಲಿನ ಬೀರುವಿನಲ್ಲಿ. ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ಶಾಲೆಯಲ್ಲಿ ಓಡಾಡಿಕೊಂಡಿರುವವರು ಆಯಮ್ಮ ಒಬ್ಬರೇ ಎಂದು, ಬಿಲ್ಲೆಗೆಂದೇ ಇರುವ ಈ ಫೋನನ್ನು ಇಟ್ಟುಕೊಳ್ಳುವಂತೆ ವಾಣಿ ಅವರನ್ನೇ ಕೇಳಿದರು, ಅವರು ಒಪ್ಪಿದರು. ಆ ಫೋನಿನಲ್ಲಿರುವ ಇಂಗ್ಲಿಷ್ ಅವರಿಗೆ ಬರುವುದಿಲ್ಲ. ಅಂಕಿ ಗೊತ್ತು, ಬಾಣ ಗೊತ್ತು. ಅಡ್ಡ ಬಾಣವಾದರೆ ನೆಮ್ಮದಿ, ಓರೆಯಾದರೆ ಎಚ್ಚರಿಕೆ, ನೆಟ್ಟಗೆ ಕೆಳಕ್ಕಿದ್ದರೆ ಕೈಯಲ್ಲಿದ್ದ ಪೊರಕೆ ಬಿಸಾಕಿ ಓಟ.

ಹೀಗಿರುವಾಗ ಜುಲೈ ತಿಂಗಳ ಒಂದು ದಿನ ಫೋನು ಸುಮ್ಮನಾಯಿತು.

ಹಿಂದಿನ ರಾತ್ರಿ ಮಳೆಗೆ ಕರೆಂಟು ಹೋಗಿ ಫೋನು ಸರಿಯಾಗಿ ಚಾರ್ಜಾಗಿರಲಿಲ್ಲ. ಮಧ್ಯಾಹ್ನದ ಊಟದ ಹೊತ್ತಿಗೆ ಬ್ಯಾಟರಿಯ ಗುರುತು ಕೆಂಪಾಯಿತು. ಶಾಲೆಯಲ್ಲೂ ಕರೆಂಟಿಲ್ಲ. ಫೋನು ಸತ್ತರೆ ಕೂಗುವವರಾರು? ತಮ್ಮ ಹಳೆಯ ಫೋನಿಗೆ ಮಾಡುತ್ತಿದ್ದುದನ್ನೇ ಇದಕ್ಕೂ ಮಾಡಿದರು. ತೆರೆದಿದ್ದ ಆ್ಯಪ್‌ಗಳನ್ನೆಲ್ಲ ಸಾಲಾಗಿ ತೆಗೆದು, ಒಂದೊಂದನ್ನೇ ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳಿದರು. ಅದಕ್ಕೆ ಅವರಿಡುವ ಹೆಸರು ‘ಕಸ ಗುಡಿಸೋದು’. ತಳ್ಳಿದ್ದರಲ್ಲಿ ಸಕ್ಕರೆಯ ಆ್ಯಪ್ಪೂ ಒಂದು.

ಮಧ್ಯಾಹ್ನ ಆಟದ ಪಿರಿಯಡ್ಡಿನಲ್ಲಿ ಹುಡುಗಿಯರು ಖೊಖೊ ಆಡಿದರು. ಫೋನು ಒಮ್ಮೆಯೂ ಕೂಗಲಿಲ್ಲ. ಕೂಗದಿದ್ದರೆ ಎಲ್ಲ ಸರಿಯಿದೆ ಎಂದೇ ಲೆಕ್ಕ. ನೆಲ ಒರೆಸುತ್ತಿದ್ದ ಕೆಂಚಮ್ಮ ತಲೆಯೆತ್ತಿದಾಗ ಬಿಂದುಶ್ರೀ ನೀರಿನ ತೊಟ್ಟಿಯ ಮೆಟ್ಟಿಲ ಮೇಲೆ ಒಬ್ಬಳೇ ಕುಳಿತು ನಗುತ್ತಿದ್ದಳು. ಮೋಡ ಮುಸುಕಿದ ತಂಪಿನಲ್ಲೂ ಅವಳ ಅಂಗಿ ಬೆವರಿಗೆ ಒದ್ದೆಯಾಗಿತ್ತು.

“ಯಾಕೆ ಮಗ?” ಅಂದರೆ, “ಬಸ್ಸು ಬಂತು, ಹತ್ತಿ ಹತ್ತಿ” ಅಂದಳು. ಬಸ್ಸಿರಲಿ, ರಸ್ತೆಯೇ ಅಲ್ಲಿಲ್ಲ. ಕೆಂಚಮ್ಮ ಓಡಿ ತಲುಪುವಷ್ಟರಲ್ಲಿ ಹುಡುಗಿ ಮೆಟ್ಟಿಲಿಂದ ಜಾರಿ ಗಲ್ಲ ಸೀಳಿಕೊಂಡಿದ್ದಳು.

“ಫೋನ್ ನೋಡ್ದೆ, ಸುಮ್ನೆ ಅದೆ. ಮಗೀನ ನೋಡ್ದೆ, ಸರಿಯಿಲ್ಲ. ಫೋನ್ ಕಟ್ಕಂಡು ಏನ್ ಮಾಡ್ಲಿ ಅಂದ್ಬುಟ್ಟು ಗ್ಲೂಕೋಸ್ ಹಾಕ್ದೆ. ಅವ್ಳು ಗುಟುಕು ನುಂಗೋಗಂಟ ನನ್ ಉಸ್ರು ಎಲ್ಲಿತ್ತೋ ಗೊತ್ತಿಲ್ಲ” ಎಂದು ಕೆಂಚಮ್ಮ ನೆನೆಯುತ್ತಾರೆ. ಹುಡುಗಿ ಚೇತರಿಸಿಕೊಂಡಳು. ಗಲ್ಲಕ್ಕೆ ಹೊಲಿಗೆ ಬಿತ್ತು.

ಬಿಲ್ಲೆಯೇ ಕೆಟ್ಟಿರಬೇಕೆಂದು ಎಲ್ಲರೂ ಅಂದುಕೊಂಡರು. ಮರುದಿನ ದೊಡ್ಡ ಮಿಸ್ ಕೋಣೆಯಲ್ಲಿ ವಾಣಿ, “ಬೆಳಿಗ್ಗೆಯಿಂದ ಫೋನಲ್ಲಿ ಏನೇನು ಮಾಡಿದ್ರಿ, ಹಾಗೇ ಮಾಡಿ ತೋರಿಸಿ ಕೆಂಚಮ್ಮ” ಅಂದರು. ಕೆಂಚಮ್ಮ ತೋರಿಸುತ್ತಾ ಹೋದರು. ಹೆಬ್ಬೆರಳು ಮೇಲಕ್ಕೆ ಹೋಯಿತು. ಪರದೆಯ ತುದಿಯಲ್ಲಿದ್ದ ಸಕ್ಕರೆಯ ಅಂಕಿ ಮಾಯವಾಯಿತು. ವಾಣಿ ಬಯ್ಯುತ್ತಾರೆಂದು ಕೆಂಚಮ್ಮ ತಲೆ ತಗ್ಗಿಸಿದರು. ವಾಣಿ ಬಯ್ಯಲಿಲ್ಲ. “ಅಯ್ಯೋ, ನಾನೂ ನನ್ನ ಫೋನಲ್ಲಿ ದಿನಾ ಇದನ್ನೇ ಮಾಡ್ತೀನಲ್ರೀ” ಎಂದು ಮುಖ ಮುಚ್ಚಿಕೊಂಡರು.

ನಮ್ಮಲ್ಲಿ ಬಹುಪಾಲು ಜನ ಮಾಡುವುದೂ ಅದನ್ನೇ. ಒಂದು ಆ್ಯಪ್ ಬಿಟ್ಟು ಇನ್ನೊಂದಕ್ಕೆ ಹೋದಾಗ ಹಿಂದಿನದು ಒಳಗೆಲ್ಲೋ ಉರಿಯುತ್ತಲೇ ಇರುತ್ತದೆ, ಆರಿಸದಿದ್ದರೆ ಬ್ಯಾಟರಿ ತಿನ್ನುತ್ತದೆ ಎಂಬ ನಂಬಿಕೆ ನಮ್ಮದು. ಮನೆಯಲ್ಲಿ ದೀಪ, ಫ್ಯಾನು ಆರಿಸಿ ಅಭ್ಯಾಸವಾದವರಿಗೆ ಹಾಗನಿಸುವುದು ಸಹಜವೇ. ಆದರೆ ಬಿಟ್ಟುಬಂದ ಆ್ಯಪ್ ಬಹುಮಟ್ಟಿಗೆ ನಿದ್ದೆಗೆ ಜಾರಿರುತ್ತದೆ. ಫೋನಿನ ಸ್ಮರಣೆಯಲ್ಲಿ ಅದಕ್ಕೊಂದು ಜಾಗವಿರುತ್ತದೆ ಅಷ್ಟೇ, ಹೆಚ್ಚಿನ ವಿದ್ಯುತ್ ಖರ್ಚಿಲ್ಲ. ಜಾಗ ಸಾಲದಾದಾಗ ಫೋನು ತಾನೇ ಅದನ್ನು ಹೊರಹಾಕುತ್ತದೆ. ನಾವು ಮುಚ್ಚಿ ಮತ್ತೆ ತೆರೆದಾಗ ಅದು ಮೊದಲಿನಿಂದ ಶುರುವಾಗಬೇಕು. ಅನೇಕ ಸಲ ಅದಕ್ಕೇ ಹೆಚ್ಚು ಖರ್ಚು. ಸಿಕ್ಕಿಹಾಕಿಕೊಂಡು ಅಲುಗಾಡದ ಆ್ಯಪ್ ಒಂದನ್ನು ಮುಚ್ಚುವುದರಲ್ಲಿ ಅರ್ಥವಿದೆ. ಎಲ್ಲವನ್ನೂ ದಿನಕ್ಕೆ ಹತ್ತು ಸಲ ಗುಡಿಸುವುದರಿಂದ ಉಳಿಯುವುದು ಬಹುತೇಕ ಏನೂ ಇಲ್ಲ. ಇದಕ್ಕೆ ಮುಖ್ಯವಾದ ಇನ್ನೊಂದು ಬದಿಯಿದೆ. ಕೆಲವು ಆ್ಯಪ್‌ಗಳು ನಮ್ಮ ಕಣ್ಣಿಗೆ ಬೀಳದೆ ಎಚ್ಚರವಾಗಿರಲೆಂದೇ ಇರುವಂಥವು. ಹೆಬ್ಬೆರಳಿಗೆ ಆ ವ್ಯತ್ಯಾಸ ತಿಳಿಯದು. ಎಷ್ಟೋ ಫೋನುಗಳಲ್ಲಿ ಅದು ನಿದ್ದೆಯಲ್ಲಿದ್ದವನನ್ನೂ ಕಾವಲಿಗಿದ್ದವನನ್ನೂ ಒಟ್ಟಿಗೇ ಹೊರದಬ್ಬುತ್ತದೆ.

ಅಂದು ಸಂಜೆಯೇ ವಾಣಿ ಆ ಆ್ಯಪ್‌ಗೆ ಬೀಗದ ಗುರುತು ಹಾಕಿದರು. ಇನ್ನು ಎಲ್ಲವನ್ನೂ ಒಟ್ಟಿಗೆ ಮುಚ್ಚಿದರೂ ಅದು ಉಳಿಯುತ್ತದೆ. ಬ್ಯಾಟರಿ ಉಳಿಸಲೆಂದು ಫೋನು ತಾನಾಗಿ ಅದನ್ನು ಮಲಗಿಸದಂತೆಯೂ ಮಾಡಿದರು. ಚೀಲಕ್ಕೊಂದು ಪವರ್ ಬ್ಯಾಂಕ್ ಬಂತು. ದೊಡ್ಡ ಮಿಸ್ ಮಾತ್ರ ಒಪ್ಪಲಿಲ್ಲ. “ನಾಳೆ ಏನಾದ್ರೂ ಆದ್ರೆ ಹೊಣೆ ಯಾರು ವಾಣಿ? ಹುಡುಗಿ ಪಾಠ ಕೇಳಲಿ, ಓಟ ಬೇಡ.” ಅವರ ಮಾತಿನಲ್ಲೂ ತಪ್ಪು ಹುಡುಕುವಂತಿರಲಿಲ್ಲ. ಬಿಂದುಶ್ರೀ ಗೋಗರೆದಳು, ಊಟ ಬಿಟ್ಟಳು. ಈ ಹುಡುಗಿ ಊಟ ಬಿಡುವುದು ಹುಡುಗಾಟದ ಮಾತಲ್ಲ. ಕೊನೆಗೆ ಸಿಕ್ಕಿದ್ದು ಇವತ್ತಿನ ಈ ಒಂದು ಅವಕಾಶ.

ಮೊದಲ ತಂಡ ಓಡಿ ಮುಗಿಸುತ್ತದೆ. ಪರದೆಯ ಮೇಲೆ 134. ಬಾಣ ಅಡ್ಡವಾಗಿದೆ. ಕೆಂಚಮ್ಮ ಮೇಷ್ಟ್ರಿಗೆ ತಲೆಯಾಡಿಸುತ್ತಾರೆ.

ಸೀಟಿ ಊದಿದ ಕೂಡಲೇ ಓಡುವವರು ಏಳು ಹುಡುಗಿಯರು ಮತ್ತು ಒಬ್ಬ ಆಯಾ. ಬಿಲ್ಲೆಯ ಮಾತು ಫೋನಿಗೆ ಕೇಳಿಸುವುದು ಕೆಲವೇ ಮಾರು ದೂರದವರೆಗೆ. ಹಾಗಾಗಿ ಹುಡುಗಿ ಹೊರಸುತ್ತಿನಲ್ಲಿ ಓಡಿದರೆ, ಕೆಂಚಮ್ಮ ಮೈದಾನದ ಒಳಗೆ ಅಡ್ಡಹಾಯ್ದು ಒಂದೊಂದು ತಿರುವಿನಲ್ಲೂ ಅವಳಿಗಿಂತ ಮೊದಲೇ ಹೋಗಿ ನಿಲ್ಲಬೇಕು. “ಆಯಮ್ಮನೂ ಸೆಲೆಕ್ಟು!” ಎಂದು ಕಟ್ಟೆಯ ಮೇಲಿನ ಮಕ್ಕಳು ಕೇಕೆ ಹಾಕುತ್ತಾರೆ.

ಅಂಕಿಯೊಂದನ್ನೇ ಅವರು ಈಗ ನಂಬುವುದಿಲ್ಲ. ಬಿಲ್ಲೆ ಅಳೆಯುವುದು ಚರ್ಮದಡಿಯ ದ್ರವವನ್ನು. ಓಡುವಾಗ ರಕ್ತದ ಸಕ್ಕರೆ ಸರ್ರನೆ ಇಳಿದರೆ ಅದು ಪರದೆಗೆ ಬರುವಷ್ಟರಲ್ಲಿ ಕೆಲವು ನಿಮಿಷ ಕಳೆದಿರುತ್ತದೆ. ಅದಕ್ಕೇ ತಿರುವಿಗೊಂದು ಪ್ರಶ್ನೆ ಎಸೆಯುತ್ತಾರೆ. ಸಕ್ಕರೆ ಕಡಿಮೆಯಾದರೆ ಮೊದಲು ತಡವರಿಸುವುದು ತಲೆ.

“ತಿಂಡಿ ಏನೇ?”

“ಉಪ್ಪಿಟ್ಟು!” ಬಿಂದುಶ್ರೀ ಹಾದುಹೋಗುತ್ತಾಳೆ. ಅಂಕಿ 126.

ಎರಡನೇ ಸುತ್ತು. “ಇವತ್ತು ಯಾವ ವಾರ?”

“ಶನಿವಾರ!” ಹಿಂದೆ ಬರುತ್ತಿದ್ದ ಇಬ್ಬರೂ ದನಿ ಸೇರಿಸಿ ಕೂಗುತ್ತಾರೆ. ಅಂಕಿ 109. ಬಾಣ ಮತ್ತೆ ಓರೆ.

ಕೊನೆಯ ಸುತ್ತು. ಆಚೆ ತಿರುವಿಗೆ ಓಡುವಾಗ ಕೆಂಚಮ್ಮನ ಮಂಡಿ ಹಿಡಿದುಕೊಳ್ಳುತ್ತದೆ. ಕುಂಟುತ್ತ ತಲುಪುವಷ್ಟರಲ್ಲಿ ಪರದೆಯಲ್ಲಿ ಅಂಕಿಯೇ ಇಲ್ಲ, ಬರೀ ಎರಡು ಗೀಟು. ಹುಡುಗಿ ದೂರವಾಗಿ ಸಂಪರ್ಕ ತಪ್ಪಿದೆ. ಬಿಂದುಶ್ರೀ ನಾಲ್ಕನೆಯವಳಾಗಿ ತಿರುವಿಗೆ ಬರುತ್ತಿದ್ದಾಳೆ. ಮುಖ ಕೆಂಪೇರಿದೆ, ಬಾಯಿ ತೆರೆದಿದೆ.

“ಬಿಂದೂ, ನಿಮ್ ಪಿ.ಟಿ. ಮೇಷ್ಟ್ರ ಹೆಸರೇನೇ?”

ಉತ್ತರವಿಲ್ಲ.

“ಬಿಂದೂ!”

ಇಲ್ಲ. ಕೆಂಚಮ್ಮನ ಕೈ ಮೇಲಕ್ಕೇಳುತ್ತದೆ. ಆ ಕೈ ಎತ್ತಿದರೆ ಮೇಷ್ಟ್ರು ಸೀಟಿ ಊದಿ ಓಟ ನಿಲ್ಲಿಸಬೇಕೆಂದು ಮೊದಲೇ ಮಾತಾಗಿದೆ. ಜಗಲಿಯಿಂದ ದೊಡ್ಡ ಮಿಸ್ ಒಂದು ಮೆಟ್ಟಿಲಿಳಿಯುತ್ತಾರೆ. ಪುಟ್ಟಸ್ವಾಮಿ ಸೀಟಿಯನ್ನು ತುಟಿಗೆ ತರುತ್ತಾರೆ.

“ಸುಮ್ನಿರಿ ಆಯಮ್ಮಾ!” ಹುಡುಗಿ ಏದುಸಿರಿನಲ್ಲೇ ಸಿಡುಕುತ್ತಾಳೆ.

ಸಕ್ಕರೆ ಇಳಿದಾಗಲೂ ಸಿಡುಕು ಬರುತ್ತದೆ, ಕೆಂಚಮ್ಮನಿಗೆ ಅದು ಗೊತ್ತು. ಕೈ ಇಳಿಸದೆಯೇ ಗೆರೆಯ ಪಕ್ಕದಲ್ಲಿ ಕುಂಟುತ್ತ ಓಡುತ್ತಾರೆ. “ಯಾವ ಆಯಮ್ಮ? ಹೇಳೇ!”

“ಕೆಂಚಮ್ಮ! ಇಲವಾಲದ ಕೆಂಚಮ್ಮ! ಮೇಷ್ಟ್ರು ಪುಟ್ಟಸ್ವಾಮಿ! ಸಾಕಾ?”

ಕೈ ಕೆಳಗಿಳಿಯುತ್ತದೆ. ಅದೇ ಗಳಿಗೆಗೆ ಪರದೆಯಲ್ಲಿ ಅಂಕಿಯೂ ಮೂಡುತ್ತದೆ: 98.

ಬಿಂದುಶ್ರೀ ಗೆರೆ ದಾಟುತ್ತಾಳೆ, ಕುಸಿಯದೆ, ತನ್ನ ಕಾಲ ಮೇಲೆಯೇ. ತನ್ನ ತಂಡದಲ್ಲಿ ನಾಲ್ಕನೆಯವಳು. ಎರಡೂ ತಂಡ ಸೇರಿಸಿ ಆರಿಸುವುದು ಮೂವರನ್ನು ಮಾತ್ರ. ಅವಳ ಹೆಸರು ಅದರಲ್ಲಿಲ್ಲ. ಕಟ್ಟೆಯ ಮೇಲೆ ಕುಳಿತು ಬಿಸ್ಕತ್ತು ಕಡಿಯುತ್ತ ಅವಳು ಕಣ್ಣೊರೆಸಿಕೊಳ್ಳುತ್ತಾಳೆ. “ನೀವು ಪ್ರಶ್ನೆ ಕೇಳ್ದೆ ಇದ್ದಿದ್ರೆ ಮೂರನೇದು ಬರ್ತಿದ್ದೆ.”

“ಮುಂದಿನ್ ಸಲ ಬಿರ್‍ರನೆ ಉತ್ರ ಹೇಳು” ಎನ್ನುತ್ತಾರೆ ಕೆಂಚಮ್ಮ, ಮಂಡಿ ನೀವಿಕೊಳ್ಳುತ್ತ.

ಮುಂದಿನ ಸಲ ಉಂಟೋ ಇಲ್ಲವೋ ಹೇಳಬೇಕಾದವರು ಹತ್ತಿರ ಬಂದು ನಿಂತಿದ್ದಾರೆ. ಅವರು ಬಾಯಿ ತೆರೆಯುವ ಮುಂಚೆ ಕೆಂಚಮ್ಮನೇ ಕೇಳಿಬಿಡುತ್ತಾರೆ: “ಸೋಮವಾರ ಪ್ರಾಕ್ಟೀಸ್‌ಗೆ ಎಷ್ಟೊತ್ತಿಗೆ ಬರ್ಬೇಕು ಮೇಡಮ್ಮೋರೆ?”

“ಯಾರು?”

“ನಾವಿಬ್ರೂ.”

ದೊಡ್ಡ ಮಿಸ್ ಹುಡುಗಿಯನ್ನು ನೋಡುತ್ತಾರೆ, ಆಯಮ್ಮನ ಮಂಡಿಯನ್ನು ನೋಡುತ್ತಾರೆ, ಬಾಗಿ ಫೋನನ್ನೂ ನೋಡುತ್ತಾರೆ. “ಎಲ್ಲರ ಜೊತೆಗೇ ಬನ್ನಿ” ಎಂದಷ್ಟೇ ಹೇಳಿ ಅಸೆಂಬ್ಲಿಗೆ ತಿರುಗುತ್ತಾರೆ. ಬಿಂದುಶ್ರೀ ಬಿಸ್ಕತ್ತು ತುಂಬಿದ ಬಾಯಲ್ಲೇ ಗೆಳತಿಯರ ಕಡೆ ಚಿಮ್ಮುತ್ತಾಳೆ.

ಇನ್ನೂ ಕೊಠಡಿಗಳ ಕಸ ಹಾಗೇ ಇದೆ. ಕೆಂಚಮ್ಮ ಫೋನನ್ನು ಸೊಂಟಕ್ಕೆ ಸಿಕ್ಕಿಸಿ ಪೊರಕೆ ಎತ್ತಿಕೊಳ್ಳುತ್ತಾರೆ. ಬೇರೇನಾದರೂ ಆಸೆಯಿದೆಯಾ ಎಂದು ಕೇಳಿದರೆ ಮೈದಾನದ ಕಡೆ ತಿರುಗಿ ಹೇಳುತ್ತಾರೆ:

“ಆ ಕಟ್ಟೆ ಮ್ಯಾಲೆ ಎಲ್ರಂಗೆ ಕೂತ್ಕಂಡು ಒಂದಿನ ಇವ್ಳ ಓಟ ನೋಡ್ಬೇಕು. ಬಲೇ ಚೆಂದಾಗಿ ಓಡ್ತಾಳಂತೆ, ಎಲ್ರೂ ಹೇಳ್ತಾರೆ. ನಾನು ಬರೀ ಫೋನ್ ನೋಡ್ತಿರ್ತೀನಲ್ಲ, ಇನ್ನೂ ಸರಿಯಾಗಿ ಕಂಡೇ ಇಲ್ಲ.”