ಶೈಲುವಿನ ನಿಜವಾದ ತೂಕ

ಜಡೆ ಹಾಕುತ್ತಿದ್ದೆ. ಶೈಲುವಿನ ತಲೆ ನನ್ನ ಕೈಯಲ್ಲೇ ಒಂದು ಪಕ್ಕಕ್ಕೆ ವಾಲಿತು. ಆಟ ಅಂದುಕೊಂಡು, "ನೆಟ್ಟಗೆ ಕೂತ್ಕೊ" ಎಂದು ಗದರಿದೆ. ಎಡಗೈ, ಎಡಗಾಲು ಹೊಡೆದುಕೊಳ್ಳತೊಡಗಿದವು. ಕಣ್ಣು ಮೇಲೆ ಹೋಯಿತು.

ಮಗಳಿಗೆ ಆಗ ಮೂರೂವರೆ ವರ್ಷ.

ನಮ್ಮದು ಡೊಂಬಿವಲಿಯ ಚಾಳಿನಲ್ಲಿ ಒಂದು ಖೋಲಿ. ಇವರು ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ದೋಸೆ ಭಟ್ಟರು. ಆ ವಾರ ಮತ್ತೆರಡು ಸಲ ಫಿಟ್ಸ್ ಬಂತು. ಕುಂದಾಪುರಕ್ಕೆ ಬರೆದೆವು. ಅತ್ತೆಯವರ ಇನ್‌ಲ್ಯಾಂಡ್ ಬಂತು: ಮಗು ಗುಣವಾದರೆ ಅಮ್ಮನವರ ಗುಡಿಯಲ್ಲಿ ಬೆಲ್ಲದ ತುಲಾಭಾರ ಮಾಡಿಸುತ್ತೇನೆಂದು ಹರಕೆ ಹೇಳಿಕೊಂಡಿದ್ದೇನೆ, ದೇವರ ತಕ್ಕಡಿಯಲ್ಲಿ ಕೂರುವ ಮೊದಲು ಅವಳನ್ನು ಬೇರೆಲ್ಲೂ ತೂಗಿಸಬೇಡ. ಕಾಗದವನ್ನು ದೇವರ ಪಟದ ಹಿಂದಿಟ್ಟು ಕೈಮುಗಿದೆ.

ಕಲ್ಯಾಣದಲ್ಲಿ ನರರೋಗದ ದೊಡ್ಡ ಡಾಕ್ಟರಿದ್ದರು. ಇವರಿಗೆ ರಜೆ ಸಿಗಲಿಲ್ಲ, ನಾನೇ ಕರೆದುಕೊಂಡು ಹೋದೆ. ಬೆಂಚಿನ ಮೇಲಿದ್ದವರೆಲ್ಲ ಕೈಕಾಲು ಬಿದ್ದುಹೋದ ಮುದುಕರು. ಮಗು ಅಂತ ಇದ್ದದ್ದು ನಮ್ಮದೊಂದೇ. ಡಾಕ್ಟರು ನನ್ನನ್ನು ನೋಡಿ, "ವಜನ್ ಎಷ್ಟು?" ಎಂದರು. ಪಕ್ಕದ ಖೋಲಿಯ ವಹಿನಿಯ ಮಗಳು ಇವಳದೇ ವಯಸ್ಸಿನವಳು. ಅವಳನ್ನು ಬಾಲವಾಡಿಯಲ್ಲಿ ತೂಗಿದ್ದರು, ಹದಿನಾರು ಕಿಲೋ. ಅದನ್ನೇ ಹೇಳಿಬಿಟ್ಟೆ. ಅವರು ಬರೆದುಕೊಂಡು, ಆ ಲೆಕ್ಕಕ್ಕೇ ಔಷಧ ಕೊಟ್ಟರು.

ಫಿಟ್ಸ್ ನಿಂತಿತು. ಆದರೆ ಎರಡು ವಾರದೊಳಗೆ ಮಗಳೇ ಬೇರೆಯಾದಳು. ಹಗಲೆಲ್ಲ ನಿದ್ದೆ. ಎದ್ದರೆ ಕುಡಿದವರ ಹಾಗೆ ಓಲಾಡಿ ಗೋಡೆ ಹಿಡಿಯುವುದು. ಬಾಯಿಗಿಟ್ಟ ಅನ್ನ ಬಾಯಲ್ಲೇ. ಕಲ್ಯಾಣಕ್ಕೆ ಹೋಗಿ ಕೇಳಿದರೆ, "ಸುರುವಿಗೆ ಹೀಗೇ, ಅಭ್ಯಾಸ ಆಗುತ್ತದೆ" ಎಂದರು.

ವಹಿನಿ ರೇಗಿದಳು. "ಅಗ, ಠಾಣೆ ಶಹರದಲ್ಲಿ ಬರೀ ಮಕ್ಕಳನ್ನು ನೋಡುವ ಲೇಡಿ ಡಾಕ್ಟರ್ ಇದ್ದಾರೆ. ಮುದುಕರ ಡಾಕ್ಟರ ಹತ್ತಿರ ಯಾಕೆ ಸಾಯ್ತೀಯ?"

"ಅವರೂ ಡಾಕ್ಟರು, ಇವರೂ ಡಾಕ್ಟರು ಮಾರಾಯ್ತಿ" ಎಂದು ಗೊಣಗಿದರೂ ಇವರು ರಜೆ ಹಾಕಿ ಬಂದರು. ಲೋಕಲಿನಲ್ಲಿ ಯಾರೋ ಎದ್ದು ಸೀಟು ಕೊಟ್ಟರು. ಅದೂ ದೇವರ ದಯೆಯೇ.

ಠಾಣೆಯ ಡಾಕ್ಟರಮ್ಮ ಚಾಪೆಯ ಮೇಲೆ ಶೈಲುವಿನ ಎದುರೇ ಕೂತರು. ಮೂಗು ಮುಟ್ಟು, ನನ್ನ ಬೆರಳು ಮುಟ್ಟು ಎಂದರು. ಮಗುವಿನ ಬೆರಳು ನಡುಗಿ ಎತ್ತಲೋ ಹೋಯಿತು. ಆಮೇಲೆ ತೂಕ ಕೇಳಿದರು.

"ಹದಿನಾರು ಕಿಲೋ."

"ಈ ಗುಬ್ಬಿಯಾ? ಜೊತೆಗೆ ನೀವೂ ತಕ್ಕಡಿ ಹತ್ತಿದ್ದಿರಾ ಅಮ್ಮಾ?"

ಅಳು ಬಂತು. ಹರಕೆಯನ್ನೂ ಹೇಳಿದೆ, ಕಲ್ಯಾಣದಲ್ಲಿ ಹೇಳಿದ್ದ ಸುಳ್ಳನ್ನೂ ಒಪ್ಪಿಕೊಂಡೆ. ಇವರು ನನ್ನನ್ನೇ ನೋಡುತ್ತ ನಿಂತರು. ಡಾಕ್ಟರಮ್ಮ ನಗಲಿಲ್ಲ. "ನಿಮ್ಮ ದೇವಿಯ ಎದುರಿಗೆ ಇವಳು ನಡೆದುಕೊಂಡು ಹೋಗಬೇಕಲ್ಲವಾ? ತೂಕ ಗೊತ್ತಿಲ್ಲದೆ ನಾನು ಒಂದು ಚಮಚ ಔಷಧವನ್ನೂ ಬರೆಯುವುದಿಲ್ಲ. ಯೋಚಿಸಿ. ಅಷ್ಟರಲ್ಲಿ ಇನ್ನೊಂದು ಮಗು ನೋಡುತ್ತೇನೆ."

ನಾನೇ ಎತ್ತಿದೆ. ತಪ್ಪಾದರೆ ಅದು ನನಗಿರಲಿ ತಾಯೀ ಎಂದುಕೊಂಡು ತೂಕದ ಯಂತ್ರದ ಮೇಲೆ ಕೂರಿಸಿದೆ.

ಹನ್ನೊಂದು ಕಿಲೋ.

ಔಷಧ ಸರಿಯೇ ಇತ್ತಂತೆ. ಅಳತೆ ಬೇರೆ ಮಗುವಿನದು. ವಾರ್ಡಿನಲ್ಲಿಟ್ಟುಕೊಂಡು ಎರಡು ದಿನ ನಿಲ್ಲಿಸಿ, ಆಮೇಲೆ ಡೋಸ್ ಇಳಿಸಿ ಕೊಟ್ಟರು. ನಾಲ್ಕನೆಯ ದಿನ ಶೈಲು ಪಕ್ಕದ ಮಂಚದ ಹುಡುಗಿಯ ಬಿಸ್ಕತ್ತು ಕಸಿದುಕೊಂಡಳು. ಬೈಯಬೇಕಿತ್ತು. ಬೈಯಲು ಮನಸ್ಸು ಬರಲಿಲ್ಲ.

ಕಲ್ಯಾಣದ ಡಾಕ್ಟರ ಮೇಲೆ ನನಗೆ ಸಿಟ್ಟಿಲ್ಲ. ತಮ್ಮ ಸಂಕಟವನ್ನು ತಾವೇ ಬಾಯಿಬಿಟ್ಟು ಹೇಳುವವರನ್ನು ನೋಡಿ ನೋಡಿ ಅವರಿಗೆ ಅಭ್ಯಾಸ, ನಾನು ಹೇಳಿದ್ದನ್ನೂ ಹಾಗೆಯೇ ನಂಬಿದರು. ಠಾಣೆಯವರು ತಾಯಿಯ ಮಾತು ಕೇಳುತ್ತಾರೆ, ಆದರೆ ಮೊದಲು ಮಗುವನ್ನು ನೋಡುತ್ತಾರೆ. ಅತ್ತೆಗೆ ಇದನ್ನಿನ್ನೂ ಬರೆದಿಲ್ಲ. ಎದುರಿಗೆ ಕೂತೇ ಹೇಳುತ್ತೇನೆ.

ನಡುವೆ ಒಮ್ಮೆ ಸಣ್ಣದಾಗಿ ಫಿಟ್ಸ್ ಬಂದಿತ್ತು. ಇನ್ನೂ ಎರಡು ವರ್ಷವಾದರೂ ಔಷಧ ತಪ್ಪಿದ್ದಲ್ಲ. ಆಗಲಿ, ಕೊಡುತ್ತೇನೆ.

ಹೋದ ಸೋಮವಾರ ಠಾಣೆಗೆ ಹೋದಾಗ ಅವಳ ನಿದ್ದೆ, ಊಟ, ಹಟ ಎಲ್ಲ ಹೇಳತೊಡಗಿದ್ದೆ. ಡಾಕ್ಟರಮ್ಮ ನನಗೆ ಕೈ ತೋರಿಸಿ ತಡೆದು, ಶೈಲುವಿನ ಕಡೆ ತಿರುಗಿ, "ನೀನು ಹೇಳು" ಎಂದರು.

"ಆಯಿ ಫಾರ್ ಬೋಲ್ತೆ" ಎಂದಳು ಮಗಳು. ಅಮ್ಮ ಬಹಳ ಮಾತಾಡ್ತಾಳೆ ಎಂದು, ಅಚ್ಚ ಮರಾಠಿಯಲ್ಲಿ.

ಮುಂದಿನ ಹತ್ತು ನಿಮಿಷ ಅವರಿಬ್ಬರೇ ಮಾತಾಡಿದರು.